ಹಾಸು ಹಿಡಿಯಲು ಯಾರೂ ಬರಲಿಲ್ಲ

ಹೋದ ವಾರ ಇಸ್ತ್ರಿ ಅಂಗಡಿಯಿಂದ ನನ್ನ ಬಿಳಿ ಅಂಗಿ ಬಂತು. ಬಿಚ್ಚಿದರೆ ಗಂಜಿಯ ವಾಸನೆ. ನನ್ನ ಅಂಗಿಗೆ ಗಂಜಿ ಬೇಡವೆಂದು ಯಾವಾಗಲೂ ಹೇಳಿರುತ್ತೇನೆ, ಈ ಸಲ ಮರೆತು ಹಾಕಿದ್ದರು. ಸಂಜೆ ಅದನ್ನು ತೊಟ್ಟು ಹಾಡಲು ಹೋಗಬೇಕಿತ್ತು. ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟೆ... ಅಕ್ಕನ ಕೈಗೆ ಇದೇ ವಾಸನೆಯಿತ್ತು. ರೊಟ್ಟಿ ಬಡಿದ ಮೇಲೂ ಹೋಗುತ್ತಿರಲಿಲ್ಲ.

ಗಜೇಂದ್ರಗಡದ ಪೇಟೆಗೆ ಹತ್ತಿದ ನಮ್ಮ ಓಣಿಯಲ್ಲಿ ಎಲ್ಲರದೂ ಕೈಮಗ್ಗ. ಅವ್ವ ಅಪ್ಪ ಹೋದ ಮೇಲೆ ಸೀರೆ ನೇಯ್ದು ನನ್ನನ್ನು ಬೆಳೆಸಿದವಳು ಅಕ್ಕ. ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟೆ, ಅವಳು ಸಾಲಿಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ನನಗೆ ಹಾಡಿನ ಹುಚ್ಚು ಎಂದು ಗೊತ್ತಾದಾಗ ಹಳೆಯದೊಂದು ಹಾರ್ಮೋನಿಯಂ ಕೊಡಿಸಿದಳು. ನಲವತ್ತು ದಾಟುತ್ತಲೇ ಅವಳ ಕಣ್ಣು ಮಂಜಾಯಿತು. ಆಮೇಲೆ ಕಿವಿಯಿಂದಲೇ ನೇಯುತ್ತಿದ್ದಳು. ಎಳೆ ಹರಿದರೆ ಮಗ್ಗದ ಸಪ್ಪಳ ಬದಲಾಗುತ್ತದೆ ಎನ್ನುತ್ತಿದ್ದಳು. ನನಗೆ ಒಂದು ದಿನವೂ ಆ ವ್ಯತ್ಯಾಸ ಕೇಳಿಸಲಿಲ್ಲ.

ಐದು ವರ್ಷದ ಹಿಂದೆ ನಮ್ಮ ಹಿಂದಿನ ಗೋಡೆಗೆ ಹತ್ತಿಯೇ ಒಂದು ಬಾರ್ ಮತ್ತು ರೆಸ್ಟೋರೆಂಟ್ ಎದ್ದಿತು. ಮಾಳಿಗೆಯ ಮೇಲೆ ಮಧ್ಯಾಹ್ನದಿಂದ ರಾತ್ರಿಯವರೆಗೆ ಆರ್ಕೆಸ್ಟ್ರಾ ನಡೆಸುತ್ತಾರೆಂದು ಸುದ್ದಿಯಾಯಿತು. ತಕರಾರಿದ್ದವರು ಹದಿನೈದು ದಿನದೊಳಗೆ ಬರೆದು ಕೊಡಬೇಕೆಂದು ಪುರಸಭೆಯವರು ನೋಟೀಸು ಹಚ್ಚಿದರು. ಅಕ್ಕ ನನ್ನನ್ನು ಕೂಡಿಸಿ ಅರ್ಜಿ ಬರೆಸಿದಳು.

"ಹಾಡ ಬ್ಯಾಡ ಅನ್ನಂಗಿಲ್ಲ ನಾವು. ನಮ್ಮ ಮಗ್ಗದ ಸಪ್ಪಳ ನಮಗ ಕೇಳಬೇಕು, ಅಷ್ಟ. ಹಂಗಂತ ಬರಿಯೋ ತಮ್ಮಾ."

ಹಂಗೇ ಬರೆದೆ. ಅವಳು ಮನೆಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬಂದು ಕಾಗದವನ್ನು ನನ್ನ ಕೈಗಿಟ್ಟಳು.

ಅವಳಿಗೆ ಗೊತ್ತಿರದ ಒಂದು ಮಾತಿತ್ತು. ಹೋಟೆಲಿನ ಮಾಲಕ ಅದಕ್ಕೂ ಮೊದಲೇ ನನ್ನ ಹಾಡು ಕೇಳಿ, ಪರವಾನಗಿ ಸಿಕ್ಕರೆ ನೀನೇ ನಮ್ಮ ಹಾಡುಗಾರ ಎಂದಿದ್ದ. ಅರ್ಜಿ ಕೊಡಬೇಡವೆಂದು ಅವನು ನನಗೆ ಹೇಳಲಿಲ್ಲ, ಯಾರೂ ಹೇಳಲಿಲ್ಲ. ನಾನೇ ಅದನ್ನು ಮಡಚಿ ಹಾರ್ಮೋನಿಯಂ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಸಂಜೆ ಅಕ್ಕ ಕೇಳಿದಳು. ಕೊಟ್ಟು ಬಂದೆ ಎಂದೆ.

ಪರವಾನಗಿ ಸಿಕ್ಕಿತು. ಓಣಿಯವರ ಅರ್ಜಿ ಏನಾಯಿತೆಂದು ಕೇಳಲು ಅಕ್ಕ ತಾನೇ ಪುರಸಭೆಗೆ ಹೋದಳು. ನಿಮ್ಮ ಓಣಿಯಿಂದ ಒಂದು ಚೀಟಿಯೂ ಬಂದಿಲ್ಲ ಎಂದು ಅಲ್ಲಿಯ ಗುಮಾಸ್ತ ಪುಸ್ತಕ ತೆರೆದು ತೋರಿಸಿದನಂತೆ. ಅವಳು ತಿರುಗಿ ಬಂದಾಗ ಜನ ಕಟ್ಟೆಯ ಮೇಲೆ ಕಾಯುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಈಗ ನನ್ನ ಹೆಸರು ಬರುತ್ತದೆ ಎಂದುಕೊಂಡೆ.

"ಅರ್ಜಿ ನನ್ನ ಕಡೀನ ಉಳೀತು," ಎಂದಳು ಅಕ್ಕ. "ಕೊಡೂದು ಮರತ್ನಿ."

ಎದುರು ಮನೆಯ ಮುದುಕಿ, ನಾವು ಚಿಗವ್ವ ಎಂದು ಕರೆಯುವವಳು, ಬಾಯಿಗೆ ಬಂದದ್ದು ಅಂದಳು. "ಮರತೀಯೋ, ಇಲ್ಲಾ ಹೋಟೆಲ್‌ನಾಗ ನಿನಗೂ ಒಂದು ಕುರ್ಚಿ ಹಾಕ್ಯಾರೋ?" ಯಾರೋ ನಕ್ಕರು. ಅಕ್ಕ ಒಳಗೆ ಬಂದು ನನ್ನ ಮುಖ ನೋಡಲಿಲ್ಲ. ಕೈ ತೊಳಕೋ, ರೊಟ್ಟಿ ಆರತಾವ ಎಂದಳು. ಅವತ್ತಾದರೂ ಹೊರಗೆ ಹೋಗಿ ಖರೇ ಹೇಳಬಹುದಿತ್ತು. ರೊಟ್ಟಿ ತಿಂದೆ.

ನೇಕಾರರ ಓಣಿಯಲ್ಲಿ ಒಂದು ನಡಾವಳಿ ಇದೆ. ಯಾರಾದರೂ ಹೊಸ ಹಾಸು ಹೂಡಿದರೆ, ಅಂದರೆ ಸೀರೆಯ ಉದ್ದನೆಯ ಎಳೆಗಳನ್ನು ಗಂಜಿ ಹಚ್ಚಲು ಓಣಿಗುಂಟ ಎಳೆದು ಕಟ್ಟಿದರೆ, ಮನೆಗೊಬ್ಬರಂತೆ ಹಿಡಿಯಲು ಬರಬೇಕು. ಕರೆಯುವ ರೂಢಿಯಿಲ್ಲ, ತಾವಾಗಿಯೇ ಬರುತ್ತಾರೆ. ಬಿಸಿಲೇರುವುದರೊಳಗೆ ಎಳೆ ಬಿಡಿಸಿ ಕುಂಚ ಎಳೆಯದಿದ್ದರೆ ಎಲ್ಲ ಅಂಟಿಕೊಂಡು ಹಾಸು ಕೆಡುತ್ತದೆ. ಅದು ಒಬ್ಬರ ಕೈಯಿಂದ ಆಗುವ ಕೆಲಸವಲ್ಲ.

ಆರ್ಕೆಸ್ಟ್ರಾ ಶುರುವಾಗುವ ಮುನ್ನಾದಿನ ತಾಲೀಮಿಗೆಂದು ನನ್ನನ್ನೂ ವಾದ್ಯದವರನ್ನೂ ಮುಂಜಾನೆಯೇ ಹೋಟೆಲಿಗೆ ಕರೆದಿದ್ದರು. ಮಾಳಿಗೆಯ ಕಿಟಕಿಯಿಂದ ಓಣಿ ಪೂರ್ತಿ ಕಾಣುತ್ತಿತ್ತು. ಅಕ್ಕ ಹಾಸಿನ ಒಂದು ತುದಿಯನ್ನು ಬೇವಿನ ಗಿಡಕ್ಕೆ, ಇನ್ನೊಂದನ್ನು ಲೈಟಿನ ಕಂಬಕ್ಕೆ ಕಟ್ಟಿ, ಗಂಜಿಯ ಬೋಗುಣಿ ಹಿಡಿದು ನಿಂತಿದ್ದಳು. ಎಲ್ಲ ಬಾಗಿಲೂ ಮುಚ್ಚಿದ್ದವು. ಒಮ್ಮೆ ಈ ತುದಿಗೆ ಓಡುತ್ತಿದ್ದಳು, ಒಮ್ಮೆ ಆ ತುದಿಗೆ. ನಡುವೆ ಎಳೆಗಳು ಜೋತು ಮಣ್ಣಿಗೆ ಹತ್ತುತ್ತಿದ್ದವು. ಬಿಸಿಲು ಏರುತ್ತಿತ್ತು. ಕೆಳಗಿಳಿಯಲು ಹದಿನಾರು ಮೆಟ್ಟಿಲು. ನನ್ನ ಕೈಯಲ್ಲಿ ಮೈಕಿತ್ತು... ನಾನು ಇಳಿಯಲಿಲ್ಲ.

ಆ ಹಾಸು ಕೆಟ್ಟಿತು. ಮರುದಿನದಿಂದ ಗೋಡೆಯಾಚೆ ಡ್ರಮ್ಮು ಶುರುವಾಯಿತು. ಅವಳ ಕಿವಿಗೆ ಎಳೆ ಹರಿದದ್ದು ಗೊತ್ತಾಗದೆ ಸೀರೆಯಲ್ಲಿ ಗೆರೆ ಬೀಳತೊಡಗಿದವು. ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುತ್ತಿದ್ದ ರೋಣದ ಸಾವಕಾರ ಎರಡು ಸಲ ಸೀರೆ ತಿರುಗಿ ಕಳಿಸಿದ, ಮೂರನೆಯ ಸಲ ನೂಲನ್ನೇ ಕಳಿಸಲಿಲ್ಲ. ಅಕ್ಕ ಮಗ್ಗ ಬಿಚ್ಚಿದಳು. ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿಯನ್ನು ಮಣ್ಣಿನಿಂದ ಮುಚ್ಚಿ, ಅದರ ಮೇಲೆ ಚಾಪೆ ಹಾಸಿಕೊಂಡು ಕೂಡುತ್ತಿದ್ದಳು. ಒಮ್ಮೆ ನಾನು ಹಾಡಿ ಬಂದಾಗ ಇನ್ನೂ ಎಚ್ಚರಿದ್ದಳು.

"ಗ್ವಾಡಿ ಆಚಿಂದ ನಿಂದು ಕೇಳಿಸ್ತೋ ತಮ್ಮಾ. ಚಲೋ ಹಾಡ್ತಿ."

ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಹೋದ ವರ್ಷ ಜ್ವರವೆಂದು ಮಲಗಿದವಳು ದವಾಖಾನೆಯಿಂದ ತಿರುಗಿ ಬರಲಿಲ್ಲ. ಅರ್ಜಿಯ ಮಾತನ್ನು ಕೊನೆಯವರೆಗೂ ಎತ್ತಲಿಲ್ಲ.

ಹೋದ ವಾರ ಆ ಅಂಗಿಯನ್ನು ಗೂಟಕ್ಕೆ ಹಾಕಿ, ಪೆಟ್ಟಿಗೆಯ ತಳದಿಂದ ಕಾಗದ ತೆಗೆದುಕೊಂಡು ಚಿಗವ್ವನ ಕಟ್ಟೆಗೆ ಹೋದೆ. ಅಷ್ಟರಲ್ಲಿ ಹಿಂದೆ ಆರ್ಕೆಸ್ಟ್ರಾ ಶುರುವಾಗಿತ್ತು, ನನ್ನ ಬದಲು ಯಾರೋ ಹಾಡುತ್ತಿದ್ದರು. ಅರ್ಜಿ ಕೊಡದವನು ನಾನು ಎಂದೆ. ಮುದುಕಿ ಕಿವಿಗೆ ಕೈ ಹಚ್ಚಿ, ಏನೂ ಕೇಳವಲ್ದು, ಜೋರ ಹೇಳೋ ಎಂದಳು. ಮತ್ತೆ ಹೇಳಿದೆ. ಮತ್ತೂ ಕೇಳಲಿಲ್ಲ. ಕೊನೆಗೆ ಒದರಿ ಹೇಳಬೇಕಾಯಿತು. ಒಂದೊಂದೇ ಬಾಗಿಲು ತೆರೆದು ಜನ ಹೊರಗೆ ಬಂದರು.

ಚಿಗವ್ವ ಕಾಗದದಲ್ಲಿದ್ದ ತನ್ನ ಹೆಬ್ಬೆಟ್ಟಿನ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದಳು. ನನ್ನನ್ನು ಬಯ್ಯಲಿಲ್ಲ.

"ಆಕಿ ಒಂದು ಮಾತ ಹೇಳಿದ್ರ ಹಾಸ ಹಿಡಿಯಾಕ ಬರ್ತಿದ್ವಲ್ಲೋ," ಎಂದಳು.

ಅಂಗಿ ಇನ್ನೂ ಗೂಟದಲ್ಲೇ ಇದೆ. ಗಂಜಿಯ ವಾಸನೆ ದಿನದಿನಕ್ಕೆ ಕಡಿಮೆಯಾಗುತ್ತಿದೆ...