ನೋಡಾಣ ಅಂದ ಮದುಮಗಳು

ಹೊನ್ನಾಳಿಯಿಂದ ನ್ಯಾಮತಿ ಕಡೆ ಹೊರಳುವ ರಸ್ತೆಯಲ್ಲಿ ನುಜಹತ್‌ಳ ಗಾದಿ ಅಂಗಡಿ ಇದೆ. ಒಳಗೆ ಅರಳೆ ಹಿಂಜುವ ಯಂತ್ರ ಶುರುವಾಯಿತೆಂದರೆ ಹೊರಗೆ ನಿಂತವರ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗುತ್ತವೆ. ನಲವತ್ತರ ಗಂಡಸು ಅಲ್ಲಿಗೆ ದಿಂಬು ತರಲು ಹೋಗಿ ಅರವತ್ತರವನಾಗಿ ಮನೆಗೆ ಬಂದು ಹೆಂಡತಿಯ ಮುಂದೆ ನಗೆಪಾಟಲಾದದ್ದುಂಟು. ಗಾದಿ ಯಾವಾಗ ಕೊಡ್ತೀಯವ್ವ ಎಂದು ಕೇಳಿದರೆ ನುಜಹತ್ "ಗುರುವಾರ ಮೂರು ಗಂಟಿಗೆ" ಅನ್ನುತ್ತಾಳೆ. ಗುರುವಾರ ಮೂರಕ್ಕೆ ಗಾದಿ ಸುತ್ತಿ, ಹಗ್ಗ ಕಟ್ಟಿ ಬಾಗಿಲಲ್ಲಿ ನಿಲ್ಲಿಸಿರುತ್ತಾಳೆ. ಇಪ್ಪತ್ತೇಳು ತುಂಬುವವರೆಗೆ ಈಕೆ ಯಾರಿಗೂ ಹೌದು ಅಂದವಳಲ್ಲ, ಇಲ್ಲ ಅಂದವಳೂ ಅಲ್ಲ ಎಂದರೆ ಹೊಸ ಗಿರಾಕಿಗಳು ನಂಬುವುದಿಲ್ಲ.

ಅದಕ್ಕೆ ಕಾರಣ ಅವಳ ಅಪ್ಪ, ಅವ್ವ. ಮಕ್ಕಳ ವಿಷಯದಲ್ಲಿ ಎಲ್ಲ ಕಾರಣವೂ ಸುತ್ತಿ ಬಳಸಿ ಅಲ್ಲಿಗೇ ಹೋಗಿ ನಿಲ್ಲುತ್ತದೆ, ಯಾರು ಏನೇ ಅನ್ನಲಿ.

ಅಪ್ಪ ರಸೂಲ್ ಅರಳೆ ಹಿಂಜುವ ಪಿಂಜಾರರ ಮನೆತನದವನು, ಗಾದಿ ಹೊಲಿಯುವುದರಲ್ಲಿ ನಿಸ್ಸೀಮ. ಅವನಿಗಿದ್ದ ರೋಗ ಒಂದೇ. ತನ್ನೆದುರು ಯಾರ ಮುಖವೂ ಸಪ್ಪಗಾಗುವುದನ್ನು ಅವನು ನೋಡಲಾರ. ಹಾಗಾಗಿ ಯಾರು ಏನು ಕೇಳಿದರೂ "ಆತು ಬಿಡ್ರಿ" ಅಂದುಬಿಡುತ್ತಿದ್ದ. ಒಮ್ಮೆ ಸವಳಂಗದ ಬೀರಲಿಂಗಪ್ಪ ಮಗಳ ಮದುವೆಗೆಂದು ಅಂಗಡಿಯಲ್ಲಿದ್ದ ಹೂವಿನ ಬಟ್ಟೆಯ ಗಾದಿ ಮೆಚ್ಚಿ ಹೋದ. ಅರ್ಧ ತಾಸಿಗೆ ಕತ್ತಲಗೆರೆಯ ಉಡಚಮ್ಮ ಬಂದು ಅದೇ ಗಾದಿಯ ಮೇಲೆ ಕೈಯಿಟ್ಟಳು. ರಸೂಲ್ ಆಕೆಗೂ ಆತು ಬಿಡವ್ವ ಅಂದ. ಶುಕ್ರವಾರ ಇಬ್ಬರೂ ಬೇರೆ ಬೇರೆ ಗಾಡಿ ಮಾಡಿಕೊಂಡು ಒಂದೇ ಹೊತ್ತಿಗೆ ಬಂದಿಳಿದಾಗ ಅವನು ಅರಳೆ ಮೂಟೆಗಳ ಹಿಂದೆ ಹೋಗಿ ಕೂತು, ಆರು ವರ್ಷದ ನುಜಹತ್‌ಳನ್ನು ಮುಂದೆ ಬಿಟ್ಟ.

"ಅಪ್ಪ ಊರಾಗಿಲ್ಲ" ಅಂದಳು ಹುಡುಗಿ. ಅವಳು ಹಾಗನ್ನುವುದಕ್ಕೂ ಹಿಂದಿನ ಮೂಟೆ ಸೀನುವುದಕ್ಕೂ ಸರಿಹೋಯಿತು. ಬೀರಲಿಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಉಡಚಮ್ಮ ಬೈಯಲೆಂದು ಬಾಯಿ ತೆರೆದವಳು ಅರಳೆ ಮೆತ್ತಿದ ರಸೂಲನ ಮುಖ ಮೇಲೆದ್ದದ್ದು ನೋಡಿ ತಾನೂ ನಗಾಡಿ, ಇದ್ದಬದ್ದ ದಿಂಬುಗಳನ್ನೆಲ್ಲ ಹೇರಿಕೊಂಡು ಹೋದಳು. ನುಜಹತ್ ಮಾತ್ರ ನಗಲಿಲ್ಲ. ಸುಳ್ಳು ತನ್ನ ಬಾಯಲ್ಲಿ ಬಂದಿತ್ತಲ್ಲ ಎಂದು ಅವಳಿಗೆ ಎರಡು ದಿನ ಊಟ ಸೇರಲಿಲ್ಲ.

ಅವ್ವ ಮೆಹರಾಜ್ ಬೇಗಂ ಚನ್ನಗಿರಿಯ ಹೆಣ್ಣು. ಗಂಡ ಹಂಚಿದ ಹೌದುಗಳನ್ನೆಲ್ಲ ಬಾಚಿ ತುಂಬಿಕೊಳ್ಳುವ ಕೆಲಸ ಮದುವೆಯಾದ ತಿಂಗಳಿಗೇ ಆಕೆಯ ಪಾಲಿಗೆ ಬಂದಿತ್ತು. ಆಕೆ ಎಲ್ಲಕ್ಕೂ ಇಲ್ಲ ಅನ್ನುತ್ತಿದ್ದಳು.

"ಅವ್ವಾ..."

"ಇಲ್ಲ."

"ನಾನಿನ್ನೂ ಏನೂ ಕೇಳಿಲ್ಲ."

"ಕೇಳಬ್ಯಾಡ."

ಏಳನೇ ಕ್ಲಾಸಿನಲ್ಲಿ ಶಾಲೆಯವರು ಸೂಳೆಕೆರೆಗೆ ಟೂರ್ ಹೊರಟರು. ಅಪ್ಪ ಆತು ಬಿಡವ್ವ ಅಂದು, ಸಹಿ ಹಾಕಬೇಕಾದ ಚೀಟಿಯನ್ನು ಜೇಬಿನಲ್ಲಿಟ್ಟು ಮರೆತ. ಅಂಗಿಯ ಜೊತೆ ಚೀಟಿಯೂ ಒಗೆತಕ್ಕೆ ಹೋಗಿ ಮುದ್ದೆಯಾಯಿತು. ಅವ್ವ ಇಲ್ಲ ಅಂದಳು, ಮೂರು ಸಲ. ಆದರೆ ಟೂರಿನ ದಿನ ಬೆಳಗಿನ ಜಾವ ಎದ್ದು ಚಿತ್ರಾನ್ನ ಕಟ್ಟಿ, ಮಗಳ ಎರಡು ಜಡೆ ಹೆಣೆದು, ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಮೇಷ್ಟರೊಡನೆ ಜಗಳ ತೆಗೆದು ಹುಡುಗಿಯನ್ನು ಕಿಟಕಿ ಪಕ್ಕ ಕೂರಿಸಿಯೇ ಇಳಿದಳು. ಆ ದಿನ ಕೆರೆಯನ್ನು ನೋಡುತ್ತ ನುಜಹತ್ ಒಂದು ತೀರ್ಮಾನಕ್ಕೆ ಬಂದಳು: ಮನೆಯಲ್ಲಿ ಹೌದು ಅಂದರೆ ಆಗುವುದಿಲ್ಲ, ಇಲ್ಲ ಅಂದರೆ ಆಗುತ್ತದೆ. ಎರಡೂ ಪೊಳ್ಳು ಮಾತು, ಎರಡರ ಹಿಂದೆಯೂ ಪ್ರೀತಿ ಬೇಕಾದಷ್ಟಿದೆ. ಇಂಥ ಮನೆಯಲ್ಲಿ ಬೆಳೆಯುವ ಮಗು ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು?

ಅವಳು "ನೋಡಾಣ" ಹಿಡಿದಳು. ಊಟ ಮಾಡ್ತೀಯಾ ಅಂದರೆ ನೋಡಾಣ. ಜ್ವರ ಬಿಟ್ಟಿತಾ ಅಂದರೆ ನೋಡಾಣ. ಹೈಸ್ಕೂಲಿನಲ್ಲಿ ಅರುಣಾ ಮಿಸ್ "ನಿನ್ನ ಹೆಸರು ನುಜಹತ್ ಅಲ್ವೇನಮ್ಮ" ಎಂದಾಗಲೂ ಅದೇ ಮಾತು ಬಾಯಿಗೆ ಬಂದು, ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು.

ಆದರೆ ದಬ್ಬಣ ಕೈಗೆ ಬಂದಾಗ ಅವಳಿಗೆ ಯಾವ ಅನುಮಾನವೂ ಇರಲಿಲ್ಲ. ಎಲ್ಲಿ ಚುಚ್ಚಬೇಕು, ಎಷ್ಟು ಎಳೆಯಬೇಕು, ಯಾವ ಮೂಲೆಗೆ ಇನ್ನೊಂದು ಹಿಡಿ ಅರಳೆ ಬೇಕು ಎಂದು ಬೆರಳಿಗೇ ಗೊತ್ತಿತ್ತು. ಇಪ್ಪತ್ತು ದಾಟುವಷ್ಟರಲ್ಲಿ ಅಪ್ಪನ ಮಾತುಗಳನ್ನೆಲ್ಲ ನಿಜ ಮಾಡುವವಳು ಅವಳೇ ಆಗಿದ್ದಳು. ಅಪ್ಪ ಮಾತು ಕೊಡುವುದು, ಮಗಳು ಹೊಲಿದು ಕೊಡುವುದು. ಅಂಗಡಿ ಅಂದರೆ ಅವಳಿಗೆ ಪ್ರಾಣ. ಜಗತ್ತಿನಲ್ಲಿ ಇದ್ದದ್ದು ಇದ್ದ ಹಾಗೆ ಇರುವ ಜಾಗ ಅವಳ ಪಾಲಿಗೆ ಅದೊಂದೇ ಇತ್ತು.

ಅಂಥಾ ಅಂಗಡಿಗೆ ಜಗಳೂರಿನ ಸಾದಿಕ್ ಬಂದ. ಅವನು ಮೆಕ್ಕೆಜೋಳ ಬಿಡಿಸುವ ಯಂತ್ರವನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಸುಗ್ಗಿಯಲ್ಲಿ ಊರೂರು ತಿರುಗುವವನು. ಟ್ರ್ಯಾಕ್ಟರ್ ಸೀಟಿಗೆ ಒಂದು ಪುಟ್ಟ ಗಾದಿ ಬೇಕಿತ್ತು. ರಸೂಲ್ ನಾಳೆ ಬಾ ಅಂದ. ಅವನು ನಾಳೆ ಬಂದ, ನಾಡಿದ್ದೂ ಬಂದ. ಹೀಗೆ ಹನ್ನೊಂದು ದಿನ ಬಂದ. ಐದನೇ ದಿನವೇ ನುಜಹತ್ ಗಾದಿ ಹೊಲಿದು ಮುಗಿಸಿ ಮೂಟೆಯ ಹಿಂದೆ ಬಚ್ಚಿಟ್ಟಿದ್ದಳು ಅನ್ನುವುದು ಅವನಿಗೆ ಮದುವೆಯಾದ ಮೇಲೆ ತಿಳಿದ ವಿಷಯ. ಹನ್ನೆರಡನೇ ದಿನ ಗಾದಿ ಇಸಕೊಂಡು ಅವನು ತಲೆ ಕೆರೆದುಕೊಂಡ.

"ಸೀಟು ಸರಿಹೋತು. ಈಗ ನಿನ್ನ ನೋಡಾಕೆ ನೆಪ ಇಲ್ಲ. ನನ್ನ ಮದುವಿ ಆಗ್ತೀಯೇನು?"

"ನೋಡಾಣ" ಅಂದಳು ನುಜಹತ್. ಕಿವಿಯವರೆಗೂ ಕೆಂಪಾಗಿದ್ದಳು. ಹುಡುಗ ಜಾಣ, ಮಾತು ಬಿಟ್ಟು ಕಿವಿ ನೋಡಿ ಸೀದಾ ಜಗಳೂರಿಗೆ ಹೋಗಿ ತಾಯಿಗೆ ಹೇಳಿದ.

ನಿಶ್ಚಯಕ್ಕೆ ಮುಂಚೆ ನುಜಹತ್ ಅಪ್ಪನನ್ನು ಕೇಳಿದ್ದು ಒಂದೇ ಮಾತು. "ಮದುವಿ ಆದಮ್ಯಾಲೂ ಅಂಗಡಿ ನಾನೇ ನಡೆಸ್ತೀನಿ. ಅವರಿಗೆ ಹೇಳ್ತೀಯಲ್ಲ?" ಅಪ್ಪ ಮಗಳ ತಲೆಯ ಮೇಲೆ ಕೈಯಿಟ್ಟು ಆತು ಬಿಡವ್ವ ಅಂದ. ಅದೇ ವಾರ ಸಾದಿಕ್‌ನ ತಾಯಿ ಖಾಸಿಂಬಿ, ಸೊಸೆ ಜಗಳೂರಿಗೇ ಬಂದಿರಬೇಕು, ಅರಳೆ ದೂಳು ಕುಡಿಯುವ ಕೆಲಸ ಇನ್ನು ಸಾಕು ಅಂದಳು. ಅಪ್ಪ ಆಕೆಗೂ ಆತು ಬಿಡ್ರಿ ಅಂದ. ಒಂದೇ ಗಾದಿಯನ್ನು ಇಬ್ಬರಿಗೆ ಕೊಟ್ಟವನಿಗೆ ಒಬ್ಬ ಮಗಳನ್ನು ಎರಡು ಊರಿಗೆ ಕೊಡುವುದು ಏನು ಮಹಾ.

ಮದುವೆ ಹೊನ್ನಾಳಿಯಲ್ಲೇ, ಮಧ್ಯಾಹ್ನದ ನಮಾಜಿನ ನಂತರ. ಪರದೆಯ ಈ ಕಡೆ ಹೆಂಗಸರು, ಆ ಕಡೆ ಗಂಡಸರು. ಹೊರಗೆ ಬಿರಿಯಾನಿಯ ಹಂಡೆ ಇಳಿಸಿ ಆಗಿತ್ತು. ಖಾಸಿಂಬಿ ಮದುಮಗಳ ಕೈ ಹಿಡಿದು, ಬೆರಳ ತುದಿಯ ಗಟ್ಟಿ ಚರ್ಮ ಸವರುತ್ತ ಅಕ್ಕರೆಯಿಂದಲೇ ಅಂದಳು: "ಪಾಪ, ಹೆಂಗಾಗ್ಯಾವೆ ನೋಡು. ಇನ್ಮ್ಯಾಲೆ ನೀನು ದಬ್ಬಣ ಮುಟ್ಟಂಗಿಲ್ಲ. ನಿಮ್ಮಪ್ಪ ಮಾತು ಕೊಟ್ಟಾರೆ."

ಅಪ್ಪ ಇಲ್ಲೂ ಆತು ಬಿಡ್ರಿ ಅಂದಿದ್ದಾನೆಂದು ನುಜಹತ್‌ಗೆ ಆಗ ತಿಳಿಯಿತು. ಸಾದಿಕ್ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಅಂಗಡಿಯೂ ಬೇಕಿತ್ತು. ಯೋಚಿಸಲು ಪುರುಸೊತ್ತಾದರೂ ಎಲ್ಲಿ? ಅಷ್ಟರಲ್ಲಿ ಸೋದರಮಾವ ಫಯಾಜ್ ನಿಖಾದ ವಕೀಲನಾಗಿ, ಇಬ್ಬರು ಸಾಕ್ಷಿಗಳೊಡನೆ ಪರದೆಯ ಬಳಿ ಬಂದು ಕೂತ. ಹುಡುಗಿಯ ಒಪ್ಪಿಗೆಯನ್ನು ಅವಳ ಬಾಯಿಂದಲೇ ಕೇಳಿ ಕಾಜಿಗೆ ಮುಟ್ಟಿಸುವುದು ಅವನ ಕೆಲಸ.

"ಜಗಳೂರಿನ ಸಾದಿಕ್ ಜೊತೆ ನಿಖಾ ಕಬೂಲ್ ಐತೇನವ್ವ?"

"ನೋಡಾಣ" ಅಂದಳು ನುಜಹತ್.

ಚಿಕ್ಕ ಹುಡುಗಿಯರ ಗುಂಪಿನಿಂದ ಒಂದು ನಗೆ ಚಿಮ್ಮಿತು, ಅದನ್ನು ಅಮುಕಲು ಹೋಗಿ ಇನ್ನೂ ನಾಲ್ಕು ಚಿಮ್ಮಿದವು. ಫಯಾಜ್ ಕಣ್ಣುಕಣ್ಣು ಬಿಟ್ಟ. ಸಾಕ್ಷಿಗಳಲ್ಲೊಬ್ಬ, ಇದನ್ನು ಹೌದು ಅಂತ ಬರೆದುಕೊಳ್ಳಬಹುದಾ ಎಂದು ಪಿಸುಗುಟ್ಟಿದ. ಬರೆದುಕೊಳ್ಳಲು ಬರುವುದಿಲ್ಲ ಎಂದು ಆ ಕಡೆಯಿಂದ ಕಾಜಿಯೇ ಗಟ್ಟಿಯಾಗಿ ಹೇಳಿದರು. ಸುದ್ದಿ ಹಂಡೆಯವರೆಗೆ ಹೋಗಿ, ಅಡುಗೆಯವನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದ.

"ನೋಡಾಣ ಅಂದ್ರೆ ನಡೆಯಲ್ಲವ್ವ" ಅಂದ ಫಯಾಜ್, ಬೆವರು ಒರೆಸಿಕೊಳ್ಳುತ್ತ. "ಹೌದು ಅನ್ನು, ಇಲ್ಲ ಅನ್ನು. ಯಾವುದಾದ್ರೂ ಒಂದು."

"ಮಾವ, ಅಪ್ಪನ್ನ ಕರೀರಿ."

ರಸೂಲ್ ಹೊಸ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ನಗುನಗುತ್ತಲೇ ಬಂದ. ಮಗಳ ಮುಖ ನೋಡಿದ ಮೇಲೆ ನಗು ಎಲ್ಲಿಡಬೇಕೆಂದು ಅವನಿಗೆ ತೋಚಲಿಲ್ಲ.

"ಅಂಗಡಿ ನಂದೇ ಅಂತ ನನಗೆ ಹೇಳಿದ್ದೆ. ಇವರಿಗೆ ಏನು ಹೇಳೀಯ?"

"ಇಬ್ಬರಿಗೂ ಹೇಳೀನಿ ಕಣವ್ವ" ಅಂದ ರಸೂಲ್, ಸಣ್ಣ ದನಿಯಲ್ಲಿ. "ಆಮ್ಯಾಲೆ ಹೆಂಗೋ ಸರಿಹೋಗ್ತತಿ ಅಂತ."

"ಅವರಿಗೆ ಇಲ್ಲ ಅನ್ನು. ಈಗ, ಇಲ್ಲೇ. ನಿನ್ನ ಮಾತಿಗೆ ಇನ್ನ ನಾನು ಮುಂದೆ ನಿಂತ್ಕಳಲ್ಲ."

ರಸೂಲ್ ಖಾಸಿಂಬಿಯ ಕಡೆ ತಿರುಗಿದ. ಇಲ್ಲ ಅನ್ನುವುದು ಅವನು ಅರವತ್ತೆರಡು ವರ್ಷ ಬಳಸದ ಮಾತು. ಅವನು ಹೆಂಡತಿಯನ್ನು ನೋಡಿದ, ನೀನೇ ಹೇಳಿಬಿಡೇ ಎಂಬಂತೆ. ಮದುವೆ ಮನೆಯಲ್ಲಿದ್ದ ಹೆಂಗಸರೆಲ್ಲ ಮೆಹರಾಜ್ ಬೇಗಂ ಕಡೆ ತಿರುಗಿದರು. ಇಲ್ಲ ಅನ್ನುವುದರಲ್ಲಿ ಆಕೆಯನ್ನು ಮೀರಿಸುವವರು ಇಡೀ ಸೀಮೆಯಲ್ಲಿ ಯಾರಿದ್ದರು? ಆಕೆ ಸೆರಗು ಬಾಯಿಗೊತ್ತಿಕೊಂಡು ತಲೆ ತಗ್ಗಿಸಿ ಕೂತಳು. ಗಂಡನ ಪರವಾಗಿ ಆಕೆ ಅಂದು ಒಂದು ಮಾತನ್ನೂ ಆಡಲಿಲ್ಲ.

"ಬೀಗತಿ" ಅಂದ ರಸೂಲ್. "ನಿಮಗೆ ಸುಳ್ಳು ಹೇಳಿದೆ. ನಿಮ್ಮ ಮುಖ ಸಪ್ಪಗಾದೀತು ಅಂತ. ನನ್ನ ಮಗಳು ಅಂಗಡಿ ಬಿಡಂಗಿಲ್ಲ. ಆಗಲ್ಲ. ಇಲ್ಲ."

ಖಾಸಿಂಬಿಯ ಮುಖ ಸಪ್ಪಗಾಯಿತು. ಸಪ್ಪಗೇ ಉಳಿಯಿತು ಕೂಡ. ರಸೂಲ್ ಕಣ್ಣು ಕೆಳಗೆ ಹಾಕಲಿಲ್ಲ. ಮಾತು ಸಿಹಿ ಮಾಡಲೂ ಹೋಗಲಿಲ್ಲ, ಗೋಡೆ ಹಿಡಿದು ನಿಂತೇ ಇದ್ದ. ಪರದೆಯ ಆ ಕಡೆಯಿಂದ, ಮುಖ ಮುಚ್ಚಿದ ಹೂವಿನ ಸೆಹರಾದ ಒಳಗಿಂದ, ಮದುಮಗನ ದನಿ ಕೇಳಿತು: "ಅಮ್ಮಾ, ನನ್ನ ಯಂತ್ರ ವರ್ಷದಾಗೆ ಆರು ತಿಂಗಳು ಈ ಕಡೆಗೇ ಇರ್ತತಿ. ನಾನೂ ಇಲ್ಲೇ ಇರ್ತೀನಿ. ನೀನೂ ಬಂದಿರು."

"ನಾ ಕೇಳಿದಾಗ ಅವತ್ತೇ ಹೇಳ್ಬೇಕಿತ್ತು" ಎಂದು ಖಾಸಿಂಬಿ ಮುಖ ಊದಿಸಿದಳು. ಬೈದಳು, ಇನ್ನೊಮ್ಮೆ ಬೈದಳು. ಆದರೆ ಹಿಡಿದಿದ್ದ ನುಜಹತ್‌ಳ ಕೈಯನ್ನು ಬಿಟ್ಟಿರಲಿಲ್ಲ. ಕೊನೆಗೆ ಫಯಾಜ್‌ನ ಕಡೆ ನೋಡಿ, "ಕೇಳಪ್ಪ ಮತ್ತೆ, ಅನ್ನ ತಣ್ಣಗಾಕತ್ತೈತೆ" ಅಂದಳು.

ನುಜಹತ್ ಅಪ್ಪನನ್ನೇ ನೋಡುತ್ತಿದ್ದಳು. ಒಬ್ಬರ ಮುಖ ಸಪ್ಪಗಾದದ್ದನ್ನು ಆತ ತಡೆದುಕೊಂಡಿದ್ದ, ಅವಳಿಗಾಗಿ. ಅವಳಿಗೆ ನಗು ಬಂತು, ಅಳು ಬಂತು. ಎರಡನ್ನೂ ತಡೆಯಲು ಅವಳು ಹೋಗಲಿಲ್ಲ.

ಫಯಾಜ್ ಗಂಟಲು ಸರಿಮಾಡಿಕೊಂಡು "ಜಗಳೂರಿನ..." ಎಂದು ಶುರುಮಾಡಿದ.

"ಒಂದು ನಿಮಿಷ ಮಾವ" ಅಂದಳು ಮದುಮಗಳು. "ಯಾರಾದ್ರೂ ಅಪ್ಪಗೊಂದು ಕುರ್ಚಿ ಕೊಡ್ರಿ, ಕಾಲು ನಡುಗ್ತಾ ಐತೆ."

ಕುರ್ಚಿ ಬಂತು. ರಸೂಲ್ ಕೂತ. ಅವನು ಕೂತದ್ದನ್ನು ನೋಡಿಯಾದ ಮೇಲೆ, ಮಾವ ಬಾಯಿ ತೆರೆಯುವುದಕ್ಕೂ ಬಿಡದೆ, ಕಬೂಲ್ ಅಂದಳು ನುಜಹತ್.