ಬೀಡಿ ನೂಲಿನಲ್ಲಿ ಬರೆದ ಭೂಮಿಯ ಹಾದಿ

ನನಗೆ ಸಿಟ್ಟು ಬೇಗ. ಎಪ್ಪತ್ತರ ದಶಕದ ಕೊನೆಯಲ್ಲಿ ಘಟ್ಟದ ಕೆಳಗೆ ಕಕ್ಕಿಂಜೆ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಆ ಸಿಟ್ಟೆಲ್ಲ ಪಠ್ಯಪುಸ್ತಕದ ಒಂದು ಚಿತ್ರದ ಮೇಲಿತ್ತು. ಭೂಮಿ ಸೂರ್ಯನನ್ನು ಸುತ್ತುವ ಹಾದಿಯನ್ನು ಅದರಲ್ಲಿ ಸಾಂಬಾರಿನ ಸೌತೆಕಾಯಿಯ ಹಾಗೆ ಉದ್ದಕ್ಕೆ ಎಳೆದಿದ್ದರು. ಅದನ್ನು ನೋಡಿದ ಮಕ್ಕಳು, ಭೂಮಿ ಸೂರ್ಯನ ಹತ್ತಿರ ಹೋದಾಗ ನಮಗೆ ಸೆಕೆ ಎಂದು ಬರೆಯುತ್ತಿದ್ದರು. ಹತ್ತಿರ ಹೋಗುವುದು ಜನವರಿಯಲ್ಲಿ, ನಾವು ಕಂಬಳಿ ಹೊದೆಯುವಾಗ!

ಅಳತೆ ತಪ್ಪದೆ ನಾನೇ ಬರೆದು ತೋರಿಸಲು ಹೊರಟೆ. ಮರದ ಬೋರ್ಡಿಗೆ ಒಂದು ಬೆರಳಗಲದ ಅಂತರದಲ್ಲಿ ಎರಡು ಮೊಳೆ ಹೊಡೆದು, ಅವಕ್ಕೆ ನೂಲಿನ ದೊಡ್ಡ ಕುಣಿಕೆ ಹಾಕಿ, ಅದನ್ನು ಬಿಗಿಯಾಗಿ ಎಳೆದು ಹಿಡಿದು ಸೀಮೆಸುಣ್ಣ ಸುತ್ತಿಸಿದೆ. ನೂಲು ತಂದವಳು ಮುಂದಿನ ಬೆಂಚಿನ ಹುಡುಗಿ. ಅವಳ ಮನೆಯಲ್ಲಿ ಎಲ್ಲರೂ ಬೀಡಿ ಕಟ್ಟುವವರು.

ಅದೇ ಹೊತ್ತಿಗೆ ಇನ್‌ಸ್ಪೆಕ್ಟರು ಒಳಗೆ ಬಂದರು. ಘಟ್ಟದ ಮೇಲಿನವರು. ಮೂರು ವರ್ಷದಿಂದ ತಾತ್ಕಾಲಿಕವಾಗಿದ್ದ ನನ್ನ ಕೆಲಸ ಖಾಯಂ ಆಗಬೇಕಾದರೆ ಅವರು ಒಳ್ಳೆಯ ವರದಿ ಬರೆಯಬೇಕಿತ್ತು. ಇದು ಮಕ್ಕಳಿಗೂ ಗೊತ್ತಿತ್ತು.

"ಏನಮ್ಮ, ಇದು ವೃತ್ತ. ದೀರ್ಘವೃತ್ತ ಎಲ್ಲಿ?"

"ಇದೇ ಸಾರ್. ವ್ಯತ್ಯಾಸ ಉಂಟು, ಆದರೆ ಗೆರೆಯ ದಪ್ಪಕ್ಕಿಂತಲೂ ಕಡಿಮೆ."

ಅವರು ಸ್ಕೇಲು ಹಿಡಿದು ಉದ್ದ ಅಳೆದರು, ಅಡ್ಡ ಅಳೆದರು. ಎರಡೂ ಒಂದೇ. ಸೀಮೆಸುಣ್ಣ ಕಸಿದುಕೊಂಡು ತಾವೇ ಬರೆದರು. ಮತ್ತೆ ಚಕ್ರದಷ್ಟೇ ದುಂಡಗೆ ಬಂತು.

"ನೂಲು ಸರಿ ಇಲ್ಲ ಕಣ್ರೀ. ಜಗ್ಗುತ್ತೆ!"

ಹುಡುಗಿ ಎದ್ದು ನಿಂತಳು. "ನಮ್ಮ ನೂಲು ಜಗ್ಗುವುದಿಲ್ಲ ಸಾರ್. ಜಗ್ಗಿದ್ರೆ ಬೀಡಿ ಬಿಚ್ಚಿ ಹೋಗ್ತದೆ."

ಕ್ಲಾಸು ನಕ್ಕಿತು. ಅವರ ಮುಖ ಕೆಂಪಾಯಿತು. "ಮೊಳೆ ದೂರ ಹೊಡೀರಿ," ಎಂದರು ನನಗೆ.

ಬಂದ ಸಿಟ್ಟನ್ನು ನುಂಗಿಕೊಂಡೆ. ಒಂದು ಗೇಣು ದೂರ ಹೊಡೆದೆ. ಆಗಲೂ ಅದು ದುಂಡಗೇ ಕಂಡಿತು, ಹಾಳಾದದ್ದು. ಎರಡೂವರೆ ಗೇಣಾದ ಮೇಲೆ ಸೌತೆಕಾಯಿ ಬಂತು. "ಈಗ ಸರಿ ಹೋಯ್ತು ನೋಡಿ," ಎಂದು ಅಲ್ಲೇ ಕುಳಿತು ವರದಿ ಬರೆದು, ನನಗೆ ಮಾತ್ರ ಕೇಳುವಂತೆ ಓದಿ ಹೇಳಿ ಹೊರಟರು.

ಮಕ್ಕಳ ಕಡೆ ತಿರುಗಲು ನನಗೆ ನಾಚಿಕೆಯಾಯಿತು. ಡಸ್ಟರ್ ಹುಡುಕುವವಳಂತೆ ಮೇಜಿನ ಮೇಲೆ ಕೈಯಾಡಿಸುತ್ತಿದ್ದೆ.

"ಟೀಚರ್, ಒಳ್ಳೆಯದು ಬರೆದ್ರಾ?" ಅದೇ ಹುಡುಗಿ.

"ಬರೆದರು."

"ಹಾಗಾದ್ರೆ ಇನ್ನು ಮೊಳೆ ಹತ್ತಿರ ಹೊಡೆಯುವ, ಟೀಚರ್."