ತಾತ ಹಾಕದ ಕಾಜಾಗಳು

ನನ್ನ ಅಕ್ಷರ ಕಾಗೆ ಕಾಲಿನ ಹಾಗಿದೆ, ಮಾತು ಅದಕ್ಕಿಂತ ಒರಟು. ಒಂಬತ್ತನೇ ತರಗತಿಯ ಅರ್ಧಕ್ಕೇ ಶಾಲೆ ಬಿಟ್ಟವಳು ನಾನು, ಮನ್ನಿಸಬೇಕು. ಭಾನುವಾರ ತಾತನ ನೆನಪಿಗೆ ಎಲ್ಲರೂ ಸೇರಿದಾಗ ಓದುವುದಕ್ಕೆ ಅವರ ಬದುಕನ್ನು ಎರಡು ಹಾಳೆಯಲ್ಲಿ ಬರೆದುಕೊಡು ಎಂದು ದೊಡ್ಡಪ್ಪ ಹೇಳಿದ್ದಾರೆ. ಕೊನೆಯ ಮೂರು ವರ್ಷ ಅಂಗಡಿಯಲ್ಲಿ ತಾತನ ಜೊತೆಗಿದ್ದವಳು ನಾನೊಬ್ಬಳೇ.

ತಾತ ಎಂಬತ್ತೊಂದು ವರ್ಷ ಬದುಕಿದರು. ಅದರಲ್ಲಿ ಅರವತ್ತು ವರ್ಷ ಕೋಟು ಹೊಲಿದರು. ಅವರ ಬಾಡಿಗೆ ಅಂಗಡಿ ನಮ್ಮ ಬೀದಿಯ ತಿರುವಿನಲ್ಲಿದೆ. ಮುಂದೆ ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ನಿಲುಗನ್ನಡಿ. ಹಿಂದೆ ಒಂದು ಪರದೆ, ಪರದೆಯಾಚೆ ಇಸ್ತ್ರಿ ಹಲಗೆ ಮತ್ತು ಒಂದು ಸ್ಟೂಲು. ಗುಂಡಿ ತೂರಿಸುವ ಕಾಜಾವನ್ನು ಅವರು ಎಂದೂ ಮೆಷಿನ್ನಿನಲ್ಲಿ ಹಾಕಲಿಲ್ಲ. ಮೇಣ ಸವರಿದ ದಾರದಲ್ಲಿ, ಕೈಯಲ್ಲೇ, ಒಂದಕ್ಕೆ ಅರ್ಧ ಗಂಟೆ. ಕೋಟು ಹರಿದರೂ ತಾತನ ಕಾಜಾ ಬಾಯಿ ಬಿಡುವುದಿಲ್ಲ ಎಂದು ಬೀದಿಯವರು ಹೇಳುತ್ತಿದ್ದರು. ಅಳತೆ ತೆಗೆಯುವಾಗ ಹೊಟ್ಟೆಯಿದ್ದವರು ಉಸಿರು ಬಿಗಿ ಹಿಡಿದರೆ ತಾತ ಟೇಪು ಸಡಿಲಿಸಿ, "ಕೋಟಿಗೆ ಸುಳ್ಳು ಹೇಳ್ಬೇಡಿ ಸ್ವಾಮಿ, ಊಟಕ್ಕೆ ಕೂತಾಗ ಗುಂಡಿ ಹಾರಿ ಸಾಕ್ಷಿ ಹೇಳುತ್ತೆ" ಎನ್ನುತ್ತಿದ್ದರು. ಅವರನ್ನು ಇಷ್ಟಪಡದವರನ್ನು ನಾನು ಕಂಡಿಲ್ಲ.

ಅವರ ಕಣ್ಣು ಮಂಜಾದದ್ದು ಮೊದಲು ಗೊತ್ತಾದದ್ದು ನನಗೆ. ಒಂದು ಸಂಜೆ ಶಾಲೆಯಿಂದ ಬಂದಾಗ ಕರಿ ಕೋಟಿಗೆ ನೀಲಿ ದಾರದಲ್ಲಿ ಕಾಜಾ ಹಾಕುತ್ತಿದ್ದರು. ಹೇಳಿದೆ. ಹಾಕಿದ್ದನ್ನು ಬಿಚ್ಚಿ, ಸೂಜಿಯನ್ನು ನನ್ನ ಕೈಗೆ ಕೊಟ್ಟರು. ಮರುವಾರ ತಾವೇ ಶಾಲೆಗೆ ಬಂದು, ಒಂದು ತಿಂಗಳ ಮಟ್ಟಿಗೆ ಹುಡುಗಿ ಮನೆಯಲ್ಲಿ ಬೇಕು ಎಂದು ಟೀಚರಿಗೆ ತಿಳಿಸಿದರು. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಲು ಹೆದರುತ್ತಿದ್ದ ನನಗೆ ಆಗ ಖುಷಿಯೇ ಆಯಿತು. ಆ ಒಂದು ತಿಂಗಳು ಇನ್ನೂ ಮುಗಿದಿಲ್ಲ.

ಕಲಿಸಿದ್ದು ಮಾತ್ರ ಚೆನ್ನಾಗಿ ಕಲಿಸಿದರು. ನಾನು ಹಾಕಿದ ಕಾಜಾದ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆದು ನೋಡುವರು. ಒಂದು ಗಂಟು ತಪ್ಪಿದ್ದರೂ ಪೂರ್ತಿ ಬಿಚ್ಚಿಸುವರು. ನಾನು ಪರದೆಯ ಹಿಂದೆ ಸ್ಟೂಲಿನ ಮೇಲೆ. ಅವರು ಮುಂದೆ, ತೊಡೆಯ ಮೇಲೊಂದು ತುಂಡು ಬಟ್ಟೆ ಹಾಸಿಕೊಂಡು. ಗಿರಾಕಿ ಬಂದರೆ ಅವರ ಕೈ ಮೇಲೆ ಕೆಳಗೆ ಆಡುತ್ತಿತ್ತು, ಆದರೆ ಸೂಜಿಯಲ್ಲಿ ದಾರ ಇರುತ್ತಿರಲಿಲ್ಲ. ಎರಡು ಸಲ ಕೆಮ್ಮಿದರೆ ಮುಗಿದ ಕೋಟನ್ನು ನಾನು ಪರದೆಯ ಸಂದಿನಿಂದ ಸರಿಸಬೇಕು. ಈ ವಯಸ್ಸಲ್ಲೂ ಎಂಥ ಕಣ್ಣು ಎಂದು ಗಿರಾಕಿಗಳು ಹೊಗಳಿದರೆ ತಾತ ನಕ್ಕು, ಎಲ್ಲ ಅಭ್ಯಾಸ ಎನ್ನುತ್ತಿದ್ದರು.

ಹಾಕುತ್ತಿರುವುದು ನಾನು ಎಂದು ಯಾವಾಗ ಹೇಳುತ್ತೀರಿ ಎಂದು ಒಮ್ಮೆ ಮಾತ್ರ ಕೇಳಿದ್ದೆ.

"ಹೇಳ್ತೀನಿ ಮಗಳೇ. ನಾನಿರೋವಾಗ್ಲೇ ನಿನ್ನ ಈ ಮೇಜಿನ ಮುಂದೆ ಕೂರಿಸ್ತೀನಿ."

ಕೂರಿಸಲಿಲ್ಲ. ಆ ಹೊಗಳಿಕೆಯನ್ನು ಬಿಡುವುದು ಅವರಿಂದ ಆಗಲಿಲ್ಲ.

ತಾತ ಹೋದಾಗ ಹಳೆಯ ಗಿರಾಕಿ ಬ್ಯಾಂಡ್ ಮೇಷ್ಟ್ರ ಕೋಟು ಅರ್ಧದಲ್ಲಿತ್ತು. ಐದು ಕಾಜಾದಲ್ಲಿ ಮೂರು ಮುಗಿದಿದ್ದವು. ಹೋದ ವಾರ ಮೇಷ್ಟ್ರು ಬಂದಾಗ ದೊಡ್ಡಪ್ಪ ಕೋಟನ್ನು ಹಾಗೇ ಕೊಟ್ಟು, ತಿಂಗಳ ಕೊನೆಗೆ ಅಂಗಡಿ ಬೀಗದ ಕೈ ಮಾಲೀಕರಿಗೆ ಒಪ್ಪಿಸುವುದಾಗಿ ಹೇಳಿದರು. "ಆ ಕೈಯೇ ಹೋದ್ಮೇಲೆ ಅಂಗಡಿ ಯಾರಿಗೆ ಬೇಕು?"

ಮೇಷ್ಟ್ರು ಆ ಮೂರು ಕಾಜಾಗಳ ಮೇಲೆ ಬೆರಳಾಡಿಸಿದರು. ಅವರ ಕಣ್ಣು ತುಂಬಿತು. "ಉಳಿದ ಎರಡನ್ನ ಬೇರೆ ಯಾರ ಕೈಗೂ ಕೊಡಲ್ಲ. ಹೀಗೇ ಪೆಟ್ಟಿಗೇಲಿ ಇಡ್ತೀನಿ."

ನಾನು ಟೀ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಆ ಮೂರನ್ನು ನಾನು ಹಾಕುವಾಗ ತಾತ ಗೋಡೆಗೊರಗಿ ನಿದ್ದೆ ಹೋಗಿದ್ದರು. ಅದನ್ನು ಹೇಳುವ ಬದಲು ಲೋಟ ಮುಂದೆ ಚಾಚಿದೆ. ಮೇಷ್ಟ್ರು ಲೋಟ ತೆಗೆದುಕೊಂಡು, ಪಾಪ, ತಾತನ ಸೇವೆ ಚೆನ್ನಾಗಿ ಮಾಡಿದೆ ಅಂದರು.

ಅಮ್ಮನಿಗೆ ಎಲ್ಲ ಗೊತ್ತು. ದೊಡ್ಡಪ್ಪನಿಗೆ ಹೇಳು ಎಂದರೆ ಸಿಟ್ಟಾದಳು. "ಹೋದವರ ಮಾನ ತೆಗೀತೀಯಾ? ನಿನಗೆ ಅನ್ನದ ದಾರಿ ತೋರಿಸಿದವರು ಅವರು."

"ದಾರಿ ತೋರಿಸಿದ್ರು. ಬಾಗಿಲು ಹಾಕ್ಕೊಂಡು ಹೋದ್ರು," ಅಂದೆ. ಅಮ್ಮ ಆಮೇಲೆ ನನ್ನ ಜೊತೆ ಮಾತಾಡಿಲ್ಲ.

ಕೊನೆಯ ದಿನದವರೆಗೂ ತಾತ ಕನ್ನಡಕವಿಲ್ಲದೆ ಕಾಜಾ ಹಾಕಿದರು ಎಂದು ತಪ್ಪದೆ ಬರೆಯಲು ದೊಡ್ಡಪ್ಪ ಹೇಳಿದ್ದರು. ಆ ಸಾಲನ್ನು ಮೂರು ಸಲ ಬರೆದು ಮೂರು ಹಾಳೆ ಹರಿದೆ. ತಾತನಿಗೆ ಸುಳ್ಳು ಬೇಕಾಗಿತ್ತು, ನಾನು ಮೂರು ವರ್ಷ ಕೊಟ್ಟೆ. ಇನ್ನೂ ಕೊಟ್ಟರೆ ಅಂಗಡಿ ಹೋಗುತ್ತದೆ. ನನಗೆ ಬರುವುದು ಇದೊಂದೇ ಕೆಲಸ. ಈ ಹಾಳೆಗಳನ್ನು ಭಾನುವಾರ ಓದದಿದ್ದರೂ ಚಿಂತೆಯಿಲ್ಲ.

ನಾಳೆ ಬೆಳಿಗ್ಗೆ ಸೂಜಿ, ದಾರ, ಮೇಣ ತೆಗೆದುಕೊಂಡು ಬ್ಯಾಂಡ್ ಮೇಷ್ಟ್ರ ಮನೆಗೆ ಹೋಗುತ್ತೇನೆ. ಕೋಟು ಕೇಳುತ್ತೇನೆ. ಕೊಟ್ಟರೆ ಅವರ ಎದುರಿಗೇ ಕೂತು ಉಳಿದ ಎರಡು ಕಾಜಾ ಹಾಕುತ್ತೇನೆ.